ನನ್ನ ಬಲ, ಡಾಕ್ಟರರ ಎಡ

ನನ್ನ ಹೊಲಿಗೆ ಅಂಗಡಿಯ ಬೋರ್ಡಿನ ಮೇಲೆ ‘ಇಲ್ಲಿ ಹೆಂಗಸರನ್ನು ಅಳತೆಗೆ ತಕ್ಕಂತೆ ಹೊಲಿದು ಕೊಡಲಾಗುವುದು’ ಎಂದು ಹನ್ನೊಂದು ವರ್ಷದಿಂದ ಇದೆ. ಬರೆಸಿದವಳು ನಾನೇ. ‘ಹೆಂಗಸರ ಬಟ್ಟೆಗಳನ್ನು’ ಎಂದು ಚೀಟಿಯಲ್ಲಿ ಬರೆದುಕೊಟ್ಟಿದ್ದೆನೋ ಇಲ್ಲವೋ ನೆನಪಿಲ್ಲ. ಬರೆದುಕೊಟ್ಟಿದ್ದೆ ಎಂದು ಬೋರ್ಡಿನವನ ಹತ್ತಿರ ಜಗಳವಾಡಿದ್ದಂತೂ ಚೆನ್ನಾಗಿ ನೆನಪಿದೆ. ತಪ್ಪು ಹಿಡಿದವಳು ನನ್ನ ನಾದಿನಿ. ಅವಳು ಅಚ್ಚಿನ ಮನೆಯಲ್ಲಿ ಕರಡು ತಿದ್ದುವವಳು. ಬೋರ್ಡು ಹಾಕಿದ ದಿನ ಬಂದವಳೇ ಬೀದಿಯಲ್ಲಿ ನಿಂತು ಓದಿ, ಒಳಗೆ ಇಬ್ಬರು ಗಿರಾಕಿಗಳಿದ್ದಾರೆ ಎಂಬುದನ್ನೂ ನೋಡದೆ, “ಅತ್ತಿಗೆ, ಹೆಂಗಸರನ್ನೇ ಹೊಲಿತೀರಾ? ಪಾಪ, ನೋವಾಗಲ್ವಾ ಅವರಿಗೆ?” ಎಂದು ಕೇಳಿ ಬಿದ್ದು ಬಿದ್ದು ನಕ್ಕಳು. ಅವತ್ತಿನಿಂದ ನಮ್ಮಿಬ್ಬರಿಗೂ ಅಷ್ಟಕ್ಕಷ್ಟೆ. ಅವಳ ಮೇಲಿನ ಹಟಕ್ಕೆ ನಾನು ಬೋರ್ಡು ತಿದ್ದಿಸಲೂ ಇಲ್ಲ.

ನನಗೆ ಈಗ ಐವತ್ತಾರು. ಮಷಿನ್ನಿನ ಮುಂದೆ ಕೂತು ಮೂವತ್ತೊಂದು ವರ್ಷವಾಯಿತು. ಗಿರಾಕಿ ಮೆಟ್ಟಿಲು ಹತ್ತುವಾಗಲೇ ಸೊಂಟದ ಸುತ್ತಳತೆ ಹೇಳಬಲ್ಲೆ, ಅರ್ಧ ಇಂಚು ಆಚೆ ಈಚೆ. ಈ ಜಂಭ ಕೊಚ್ಚಿಕೊಳ್ಳುತ್ತಲೇ ನನ್ನದೇ ಬಟ್ಟೆಯ ಸೊಂಟವನ್ನು ನಾಲ್ಕು ತಿಂಗಳಲ್ಲಿ ಮೂರು ಸಲ ಬಿಚ್ಚಿ ಸಡಿಲ ಮಾಡಿಕೊಂಡೆ. ಪಕ್ಕದ ಹೊಲಿಗೆ ಬಿಚ್ಚುವುದು, ಒಳಗೆ ಮಡಚಿಟ್ಟ ಬಟ್ಟೆ ಬಿಡುವುದು, ಮತ್ತೆ ಹೊಲಿಯುವುದು. ತೋಳು ಮಾತ್ರ ದಿನದಿನಕ್ಕೆ ಜೋಲುತ್ತಿತ್ತು. ತೋಳು ಸೊರಗಿ ಹೊಟ್ಟೆ ಮಾತ್ರ ಬೆಳೆಯುವ ಗಿರಾಕಿ ಯಾರಾದರೂ ಬಂದಿದ್ದರೆ, “ಅಮ್ಮ, ಮೊದಲು ಡಾಕ್ಟರ್ ಹತ್ರ ಹೋಗಿ, ಬಟ್ಟೆ ಆಮೇಲೆ” ಎನ್ನುತ್ತಿದ್ದೆ. ಗಿರಾಕಿ ನಾನೇ ಆದ್ದರಿಂದ ಸಂಜೆಯ ಬಿಸ್ಕತ್ತು ಬಿಡಬೇಕು ಎಂದು ತೀರ್ಮಾನಿಸಿದೆ. ಅಂದರೆ ಕ್ಯಾನ್ಸರಿಗೆ ನಾನೇ ಕೈಯಾರೆ ಜಾಗ ಬಿಟ್ಟುಕೊಟ್ಟೆ, ಅದೂ ನೀಟಾದ ಡಬಲ್ ಹೊಲಿಗೆ ಹಾಕಿ.

ನನ್ನ ಇನ್ನೊಂದು ದೋಷವನ್ನೂ ಇಲ್ಲೇ ಹೇಳಿಬಿಡಬೇಕು. ನನಗೆ ಎಡಬಲ ತಿಳಿಯುವುದಿಲ್ಲ. ಎದುರು ನಿಂತ ಗಿರಾಕಿಯ ಬಲಭುಜ ನನ್ನ ಎಡಗೈ ಕಡೆಗಿರುತ್ತದೆ. ಕೆಲಸ ಕಲಿಸಿದ ಯಜಮಾನಿ ಮೊದಲ ದಿನವೇ ತಲೆಗೆ ಮೊಟಕಿ, “ನಿನ್ನ ಎಡಬಲ ಮನೇಲಿ ಬಿಟ್ಟು ಬಾ. ಇಲ್ಲಿ ಎದುರಿನವರ ಎಡಬಲ” ಎಂದಿದ್ದಳು. ನಾನೆಷ್ಟು ವಿಧೇಯಳೆಂದರೆ ಮನೆಯಲ್ಲಿ ಬಿಟ್ಟದ್ದನ್ನು ಮತ್ತೆ ಎತ್ತಿಕೊಳ್ಳಲೇ ಇಲ್ಲ. ನನ್ನ ಬಲಗೈಯನ್ನು ಎತ್ತಿ “ಎಡಕ್ಕೆ” ಎನ್ನುತ್ತೇನೆ. ನನ್ನ ಗಂಡ ಬಸ್ ಡ್ರೈವರ್. ಮದುವೆಯಾದ ಹೊಸದರಲ್ಲಿ ನಾನು ಹೇಳಿದ ದಾರಿ ಹಿಡಿದು ಎರಡು ಸಲ ಮೀನಿನ ಗೋದಾಮಿಗೆ ಹೋಗಿ ತಲುಪಿದ ಮೇಲೆ, ಅವರು ನನ್ನ ಮಾತು ಕೇಳುವುದನ್ನು ಬಿಟ್ಟು ಕೈ ನೋಡುವುದನ್ನು ಕಲಿತರು. ನಮ್ಮ ಸಂಸಾರ ಇಷ್ಟು ವರ್ಷ ನಡೆದದ್ದು ಹೀಗೆ.

ಕೊನೆಗೆ ಡಾಕ್ಟರ ಹತ್ತಿರ ಎಳೆದುಕೊಂಡು ಹೋದವರೂ ಅವರೇ. ಅಂಡಾಶಯದಲ್ಲಿ ಹುಟ್ಟಿದ ಗಡ್ಡೆ ಹೊಟ್ಟೆಯೊಳಗೆಲ್ಲ ಕಾಳು ಚೆಲ್ಲಿತ್ತು, ನೀರೂ ತುಂಬಿತ್ತು. ಮೂರು ಕೀಮೋ, ನಂತರ ಆಪರೇಶನ್, ಆಮೇಲೆ ಮತ್ತೆ ಮೂರು ಕೀಮೋ ಎಂದರು. ಮೊದಲ ಮೂರು ಮುಗಿದು ತಲೆ ಬೋಳಾದ ಮೇಲೆ ಸರ್ಜನ್ ಮೇಡಂ ನಮ್ಮಿಬ್ಬರನ್ನೂ ಕೂರಿಸಿಕೊಂಡರು. ಗಿಡ್ಡನೆಯ ಹೆಂಗಸು, ಕೋಟಿನ ತೋಳು ಒಂದೂವರೆ ಇಂಚು ಉದ್ದ. ಅವರು ಮಾತಾಡುತ್ತಿದ್ದರೆ ನನ್ನ ಕಣ್ಣು ಆ ತೋಳಿನ ಮೇಲೇ.

“ನೀವು ಟೈಲರ್ ಅಲ್ವಾ, ನಿಮ್ಮ ಭಾಷೇಲೇ ಹೇಳ್ತೀನಿ,” ಎಂದರು. “ಎದೆಗೂ ಹೊಟ್ಟೆಗೂ ಮಧ್ಯೆ ಒಂದು ಮಾಂಸದ ಪರದೆ ಇದೆ. ಉಸಿರಾಡೋದು ಅದರಿಂದಾನೇ. ಬಲಗಡೆ ಆ ಪರದೆ ಕೆಳಗೇ ಲಿವರ್ ಕೂತಿರತ್ತೆ. ಪರದೆಯ ಒಳಮೈಗೆ ಲೈನಿಂಗ್ ಥರ ತೆಳ್ಳಗಿನ ಪೊರೆ. ಆ ಲೈನಿಂಗಿಗೆ ಕಾಳುಗಳು ಅಂಟಿವೆ, ಲಿವರ್ ಮೈಮೇಲೂ ಒಂದು ಕಡೆ ಇದೆ. ಪರದೆ ಹರಿಯದ ಹಾಗೆ ಲೈನಿಂಗ್ ಸುಲಿದು ತೆಗೀಬೇಕು.”

“ಹರಿದ್ರೆ?”

“ಹೊಲಿತೀವಿ.”

“ಒಂದೇ ಹೊಲಿಗೆನಾ, ಡಬಲ್ಲಾ?”

ಅವರು ನಕ್ಕರು. ನನ್ನ ಗಂಡ ನೆಲ ನೋಡಿದರು. ಆಮೇಲೆ ಮೇಡಂ ನಗು ನಿಲ್ಲಿಸಿ, ಲಿವರ್ ಹತ್ತಿರದ ಕೆಲಸದಲ್ಲಿ ಏನೇನು ಕೈಕೊಡಬಹುದು ಎಂದು ಹೇಳಿದರು. ರಕ್ತ ಹೋಗಬಹುದು. ಎದೆಯ ಗೂಡಿನಲ್ಲಿ ನೀರು ತುಂಬಬಹುದು. ಲಿವರನ್ನು ಕತ್ತರಿಸಿದ ಜಾಗದಿಂದ ಪಿತ್ತ ಸೋರಬಹುದು. “ಇವೆಲ್ಲಕ್ಕೂ ದಾರಿ ಇದೆ. ಆದ್ರೆ ಆಪರೇಶನ್ ಆಗಿ ಐದು ವಾರದ ಒಳಗೆ ಮಿಕ್ಕ ಕೀಮೋ ಶುರು ಆಗಬೇಕು. ನಾನೆಷ್ಟೇ ತೆಗೆದ್ರೂ ಕಣ್ಣಿಗೆ ಕಾಣದ್ದು ಎಲ್ಲೋ ಉಳಿದಿರತ್ತೆ. ನಾವು ತಡ ಮಾಡಿದಷ್ಟು ದಿನ ಅದು ಬೆಳೆಯತ್ತೆ. ಸೋರಿಕೆ, ಸೋಂಕು ಏನಾದ್ರೂ ಇದ್ರೆ ಕೀಮೋ ಕೊಡೋಕಾಗಲ್ಲ.”

ಐದು ವಾರ. ಬಟ್ಟೆ ಕೊಡುವ ದಿನ ತಪ್ಪಿಸಿದವಳಲ್ಲ ನಾನು ಎಂದು ಮನಸ್ಸಿನಲ್ಲೇ ಬೀಗಿದೆ. ಎಂಟನೆಯ ದಿನ ಮನೆಗೆ, ನಾಲ್ಕನೆಯ ವಾರ ಕೀಮೋಗೆ. ವಾರ್ಡಿನಲ್ಲೇ ಇಷ್ಟು ಒಳ್ಳೆಯ ರೋಗಿಯನ್ನು ಕಂಡಿಲ್ಲ ಅನ್ನಿಸಬೇಕು.

ಆಪರೇಶನ್ನಿಗೆ ಏಳು ಗಂಟೆ ಹಿಡಿಯಿತು. ಗರ್ಭಕೋಶ, ಅಂಡಾಶಯ, ಒಳಗಿನ ಕೊಬ್ಬಿನ ಹಾಸು, ಪರದೆಯ ಲೈನಿಂಗು, ಲಿವರಿನ ಮೇಲ್ಮೈಯಿಂದ ಬೆರಳಿನ ಎರಡು ಗೆಣ್ಣಿನಷ್ಟು ತುಂಡು, ಎಲ್ಲ ತೆಗೆದರು. ಪರದೆ ಒಂದು ಕಡೆ ಗುಂಡಿಯಷ್ಟಗಲ ಹರಿದು, ಹೊಲಿದರು. “ಕಣ್ಣಿಗೆ ಕಾಣೋದು ಏನೂ ಉಳಿದಿಲ್ಲ” ಎಂದು ಮೇಡಂ ಹೊರಗೆ ಬಂದು ಹೇಳಿದಾಗ ನನ್ನ ಗಂಡ ಅಲ್ಲೇ ಬೆಂಚಿನ ಮೇಲೆ ಕೂತುಬಿಟ್ಟರಂತೆ. ಎಚ್ಚರವಾಗಿ ನೋಡಿದರೆ ಎದೆಮೂಳೆಯಿಂದ ಕೆಳಗಿನವರೆಗೆ ಉದ್ದಕ್ಕೆ ಪಿನ್ನು ಹೊಡೆದಿದ್ದರು. ನಾದಿನಿ ಕಾಲ ಬುಡದಲ್ಲಿ ನಿಂತು, “ಬೋರ್ಡಿನಲ್ಲಿ ಬರೆಸಿದ ಹಾಗೇ ಆಯ್ತಲ್ಲ ಅತ್ತಿಗೆ” ಎಂದಳು. ನಗಬೇಕೆನಿಸಿತು, ನಕ್ಕರೆ ಪಿನ್ನುಗಳು ನೆನಪಾಗುತ್ತಿದ್ದವು.

ಬೆಳಿಗ್ಗೆ ಗಂಡ, ಮಧ್ಯಾಹ್ನ ಮೂರರ ಮೇಲೆ ನಾದಿನಿ, ಇದು ಪಾಳಿ. ಅವಳು ಬರುವುದು ನನಗೆ ಬೇಡವಾಗಿತ್ತು. ಸುಮ್ಮನೆ ಕೂರುವ ಜಾಯಮಾನವೇ ಅಲ್ಲ ಅವಳದು. ವಾರ್ಡಿನ ಗೋಡೆಯ ಮೇಲಿದ್ದ ‘ಉಗುಳಬಾರದು’ ಫಲಕದಲ್ಲಿ ಒಂದು ಕೊಂಬು ಜಾಸ್ತಿ ಇದೆ ಎಂದು ನರ್ಸಿಗೆ ತಿಳಿಸಿದಳು. ಊಟದ ಪಟ್ಟಿಯಲ್ಲಿ ಎರಡು ತಪ್ಪು ಹುಡುಕಿದಳು. ನಾನು “ಸ್ವಲ್ಪ ನೀರು ಕೊಡು, ಗಂಟಲೆಲ್ಲ ಒಣಗಿದೆ” ಎಂದರೆ, “ಗಂಟಲು ಒಂದೇ ಅತ್ತಿಗೆ, ಎಲ್ಲ ಅನ್ನೋಕಾಗಲ್ಲ” ಎಂದು ನೀರು ಕೊಟ್ಟಳು.

ಮೂರನೆಯ ದಿನ ಭುಜ ನೋಯತೊಡಗಿತು. ನನಗೇನೂ ಆಶ್ಚರ್ಯವಾಗಲಿಲ್ಲ. ಕತ್ತರಿ ಹಿಡಿಯುವ ಭುಜ, ಮೂವತ್ತೊಂದು ವರ್ಷದ ಗೆಳತಿ. ಆಸ್ಪತ್ರೆಯಲ್ಲೂ ನೋಡಲು ಬಂದಿದ್ದಾಳೆ ಅಂದುಕೊಂಡೆ. ಒಂದು ಸಣ್ಣ ವ್ಯತ್ಯಾಸವಿತ್ತು. ಹಳೆಯ ನೋವು ಕೈ ಎತ್ತಿದರೆ ಬರುತ್ತಿತ್ತು. ಇದು ಉಸಿರೆಳೆದರೆ ಬರುತ್ತಿತ್ತು. ಆಗಾಗ ಬಿಕ್ಕಳಿಕೆಯೂ. ಬಟ್ಟೆಯ ನೇಯ್ಗೆ ನೋಡಿ ಯಾವ ಮಿಲ್ಲಿನದು ಎಂದು ಹೇಳುವ ನಾನು ಇಷ್ಟು ದೊಡ್ಡ ವ್ಯತ್ಯಾಸವನ್ನು ಹಾಸಿಗೆ ಸರಿಯಿಲ್ಲ ಎಂದು ತಳ್ಳಿಹಾಕಿದೆ. ನಿಜ ಹೇಳಬೇಕೆಂದರೆ ತಳ್ಳಿಹಾಕಲೇಬೇಕಿತ್ತು. ನೋವು ನೋವು ಅಂದರೆ ಮನೆಗೆ ಕಳಿಸುವುದು ತಡವಾಗುತ್ತದೆ, ಕೀಮೋ ತಡವಾಗುತ್ತದೆ.

ನಾಲ್ಕನೆಯ ದಿನ ಬೆಳಿಗ್ಗೆ ಕಿರಿಯ ಡಾಕ್ಟರು ಬಂದು ಕಾಲ ಬುಡದಲ್ಲಿ, ಅಂದರೆ ನನಗೆ ನೇರ ಎದುರಿಗೆ ನಿಂತರು.

“ಹೊಟ್ಟೆ ನೋವು ಹೇಗಿದೆ?”

“ಪರವಾಗಿಲ್ಲ ಡಾಕ್ಟ್ರೇ.”

“ಬೇರೆ ಎಲ್ಲಾದ್ರೂ ನೋವಿದೆಯಾ? ಭುಜದಲ್ಲಿ?”

ಕೇಳಿದರು, ಪಾಪ. ಕೇಳಲಿಲ್ಲ ಎಂದು ನಾನು ಹೇಳುವ ಹಾಗಿಲ್ಲ.

“ಇದೆ, ಅದು ನಂಗೆ ಮಾಮೂಲಿ. ಮಷಿನ್ ಕೆಲಸ ಅಲ್ವಾ.”

“ಯಾವ ಭುಜ?”

ಬಲಗೈಗೆ ಸೂಜಿ ಚುಚ್ಚಿ ಹಲಗೆ ಕಟ್ಟಿದ್ದರಿಂದ ಕೈ ಎತ್ತಲಾಗುತ್ತಿರಲಿಲ್ಲ. ಎದುರಿಗೆ ಮನುಷ್ಯ ನಿಂತಿದ್ದಾರೆ. ಬಾಯಿ ತನ್ನ ಪಾಡಿಗೆ ತಾನು ಹೇಳಿತು: “ಎಡ.”

ಅವರು ‘ಎಡಭುಜ ನೋವು, ಹಳೆಯದು, ವೃತ್ತಿಯಿಂದ’ ಎಂದು ಬರೆದುಕೊಂಡು, ಒಂದು ಮುಲಾಮು ಬರೆದು ಮುಂದಿನ ಹಾಸಿಗೆಗೆ ಹೋದರು. ಹೊಟ್ಟೆಗೆ ಇಟ್ಟಿದ್ದ ಕೊಳವೆಯಲ್ಲಿ ಹೆಚ್ಚು ಬರುತ್ತಿಲ್ಲ ಎಂದು ಅವತ್ತೇ ಅದನ್ನೂ ತೆಗೆದರು. ನನಗೆ ಖುಷಿಯೋ ಖುಷಿ.

ಮಧ್ಯಾಹ್ನ ನಾದಿನಿ ಬಂದು ಮುಲಾಮು ಉಜ್ಜಿದಳು. ಅವಳ ಕೈ ಸೀಸದ ಕಡ್ಡಿ ಹಿಡಿದೂ ಹಿಡಿದೂ ಗಟ್ಟಿ. ಎಲ್ಲಿ ಎಂದು ಅವಳು ಕೇಳಲಿಲ್ಲ. ನಾನು ಮುಖ ಕಿವಿಚಿದ ಕಡೆಗೆ ಉಜ್ಜಿದಳು. ಮರುದಿನವೂ ಉಜ್ಜಿದಳು. ಮುಲಾಮಿಗೆ ನೋವು ಜಗ್ಗಲಿಲ್ಲ. ಮೈ ಸ್ವಲ್ಪ ಕಾದಿತ್ತು. ಬಚ್ಚಲಿಗೆ ಹೋಗಿಬರುವಷ್ಟರಲ್ಲಿ ಏದುಸಿರು. “ನಿಧಾನ ಅತ್ತಿಗೆ” ಎಂದರೆ, “ನೀನು ಬಂದೆಯಲ್ಲ, ಅದಕ್ಕೇ ಉಸಿರು ಕಟ್ತಿದೆ” ಎಂದು ಕಾಲೆಳೆದೆ.

ಆರನೆಯ ದಿನ ಅವಳಿಗೆ ಓದಲು ಬೇರೇನೂ ಉಳಿದಿರಲಿಲ್ಲ. ಹಾಸಿಗೆಯ ಕಾಲಿಗೆ ನೇತು ಹಾಕಿದ್ದ ನನ್ನ ಹಾಳೆಗಳನ್ನು ಎತ್ತಿಕೊಂಡಳು. “ಅದನ್ನ ಮುಟ್ಟಬೇಡ, ಬೈತಾರೆ” ಎಂದೆ. ಅವಳು ಬೆರಳಿಟ್ಟು ಸಾಲು ಸಾಲಾಗಿ ಓದುತ್ತಾ ಒಂದು ಕಡೆ ನಿಂತಳು. ಬೆರಳು ಅಲ್ಲೇ ಇಟ್ಟು ನನ್ನನ್ನು ನೋಡಿದಳು.

“ಅತ್ತಿಗೆ, ಇಲ್ಲಿ ಎಡಭುಜ ಅಂತ ಇದೆ.”

“ಹೌದು, ನಾನೇ ಹೇಳಿದ್ದು.”

“ಮೂರು ದಿನದಿಂದ ನಾನು ಉಜ್ಜುತ್ತಾ ಇರೋದು ಬಲಭುಜ.”

“ಅದೇ ಕಣೆ. ಎಡ.”

ಅವಳು ವಾದ ಮಾಡಲಿಲ್ಲ. ಹಾಳೆಗಳನ್ನು ಹಿಡಿದುಕೊಂಡು ದಡದಡನೆ ಹೊರಗೆ ಹೋದಳು. ಒಂದು ಅಕ್ಷರದ ತಪ್ಪಿಗೆ ಇಡೀ ಆಸ್ಪತ್ರೆಯ ಮಾನ ಕಳೆಯುತ್ತಾಳೆ ಎಂದು ನನಗೆ ನಾಚಿಕೆಯಾಗಿ ಹೊದಿಕೆ ಮುಖದವರೆಗೆ ಎಳೆದುಕೊಂಡೆ. ಹೊದಿಕೆಯೊಳಗೆ ಬಿದ್ದುಕೊಂಡು, ನನ್ನ ಬಲಗೈ ಯಾವುದು ಎಂದು ನಿಧಾನವಾಗಿ ಯೋಚಿಸಿದೆ. ಚಮಚ ಹಿಡಿಯುವುದು, ಕತ್ತರಿ ಹಿಡಿಯುವುದು. ನೋಯುತ್ತಿದ್ದದ್ದೂ ಅದೇ ಕಡೆ.

ಸರ್ಜನ್ ಮೇಡಂ ತಾವೇ ಬಂದರು. ಭುಜ ಮುಟ್ಟಲೇ ಇಲ್ಲ. ಬಲ ಪಕ್ಕೆಲುಬಿನ ಕೆಳಗೆ ಒತ್ತಿದರು, ನಾನು ನೋವಿಗೆ ಹಾಸಿಗೆಯ ಮೇಲೇ ಎಗರಿದೆ. ಬೆನ್ನಿಗೆ ಸ್ಟೆತಸ್ಕೋಪ್ ಇಟ್ಟು ಉಸಿರು ಕೇಳಿದರು. ಅರ್ಧ ಗಂಟೆಯಲ್ಲಿ ನನ್ನನ್ನು ಸ್ಕ್ಯಾನಿಗೆ ತಳ್ಳಿಕೊಂಡು ಹೋದರು. ಲಿವರಿಗೂ ಪರದೆಗೂ ನಡುವೆ ಪಿತ್ತ ಕಟ್ಟಿಕೊಂಡು ಸೋಂಕಾಗಿತ್ತು, ಮೇಲೆ ಬಲ ಶ್ವಾಸಕೋಶದ ಸುತ್ತ ನೀರು ನಿಂತಿತ್ತು. ಆ ಪರದೆಯ ನರವೂ ಭುಜದ ನರವೂ ಒಂದೇ ಬುಡದಿಂದ ಹೊರಡುತ್ತವಂತೆ. ಪರದೆಯ ಕೆಳಗೆ ಉರಿದರೆ ಭುಜದ ತುದಿ ನೋಯುತ್ತದೆ. ಬಲಕ್ಕೆ ಉರಿದರೆ ಬಲಭುಜ. ಲಿವರಿನ ಮೇಲೆ ಕೈಯಾಡಿಸಿದವರು ಬಲಭುಜ ಎಂದು ಕೇಳಿದರೆ ಸಾಕು, ಓಡಿ ಬರುತ್ತಾರೆ. ಎಡ ಎಂದರೆ ಮುಲಾಮು ಬರೆಯುತ್ತಾರೆ.

ಸ್ಕ್ಯಾನ್ ನೋಡಿಕೊಂಡೇ ಪಕ್ಕೆಯಿಂದ ಒಂದು ಕೊಳವೆ ತೂರಿಸಿದರು. ಹಸಿರು ಕಂದು ಬಣ್ಣದ ನೀರು ಮುಕ್ಕಾಲು ಲೀಟರು ಬಂತು. ಬೆನ್ನಿನಿಂದ ಇನ್ನೊಂದಷ್ಟು ನೀರು ತೆಗೆದರು. ಸೋರುವುದು ನಿಲ್ಲದಿದ್ದಾಗ, ಹತ್ತನೆಯ ದಿನ ಬಾಯಿಂದ ಕೊಳವೆ ಇಳಿಸಿ, ಪಿತ್ತ ಹರಿಯುವ ನಾಳದೊಳಗೆ ಪುಟ್ಟ ಪ್ಲಾಸ್ಟಿಕ್ ನಳಿಕೆ ಇಟ್ಟರು. ಪಿತ್ತ ಸೀದಾ ಕರುಳಿಗೆ ಇಳಿದರೆ ಸೋರುವ ಬಾಯಿ ತಾನಾಗಿ ಮುಚ್ಚಿಕೊಳ್ಳಲಿ ಎಂದು. ಹದಿನೆಂಟನೆಯ ದಿನ ಪಕ್ಕೆಯ ಕೊಳವೆ, ಅದರ ತುದಿಗೆ ಚೀಲ, ಹೀಗೆ ನನ್ನನ್ನು ಮನೆಗೆ ಕಳಿಸಿದರು.

ಚೀಲ ಎಲ್ಲರ ಕಣ್ಣಿಗೆ ಬೀಳುವುದು ಸರಿಹೋಗಲಿಲ್ಲ. ದಪ್ಪ ನೀಲಿ ಬಟ್ಟೆಯಲ್ಲಿ ಅದಕ್ಕೊಂದು ಕವಚ ಹೊಲಿದೆ, ಅಂಚಿಗೆ ಬಿಳಿ ಪೈಪಿಂಗ್, ಸೊಂಟಕ್ಕೆ ಪಟ್ಟಿ. ತೋರಿಸಲು ಹೋದಾಗ ವಾರ್ಡಿನ ನರ್ಸು ಇನ್ನೂ ನಾಲ್ಕು ಹೊಲಿದುಕೊಡಿ ಎಂದರು. ಸಾಯುವ ಹೊತ್ತಲ್ಲೂ ಆರ್ಡರ್ ಹಿಡಿಯುವವಳು ಎಂದು ಬೀದಿಯವರೆಲ್ಲ ನಕ್ಕಿರಬೇಕು. ನಾನೂ ನಕ್ಕೆ. ಆದರೆ ದಿನಾ ಬೆಳಿಗ್ಗೆ ಕವಚ ಬಿಚ್ಚಿ ಚೀಲದ ಗೆರೆ ನೋಡುವಾಗ ನಗು ಬರುತ್ತಿರಲಿಲ್ಲ. ಇನ್ನೂರು ಮಿಲಿ. ನೂರ ಎಂಬತ್ತು. ಮತ್ತೆ ಇನ್ನೂರ ಹತ್ತು. ಪೂರ್ತಿ ನಿಂತರೆ ಮಾತ್ರ ಕೀಮೋ.

ಐದು ವಾರದ ಗಡುವು, ಮೂವತ್ತೈದನೆಯ ದಿನ ಬಂತು. ಗೆರೆ ಅರವತ್ತರಲ್ಲಿತ್ತು. ಗಂಡ ಕೆಲಸಕ್ಕೆ ಹೊರಟವರು ಬಾಗಿಲಲ್ಲಿ ನಿಂತು ಬೂಟಿನ ದಾರವನ್ನು ಎರಡು ಸಲ ಬಿಚ್ಚಿ ಕಟ್ಟಿದರು.

“ತಡ ಆದ ಬಸ್ಸೂ ಹೊರಡತ್ತೆ,” ಎಂದರು.

“ಹೊರಡತ್ತೆ. ಊರು ಮುಟ್ಟತ್ತಾ ಅಂತ ನಾನು ಕೇಳ್ತಿರೋದು.”

ಅವರು ಡಿಪೋಗೆ ಹೊರಟರು. ಅವತ್ತು ಇಡೀ ದಿನ ನನಗೆ ಅವರ ಮೇಲೆ ಸಿಟ್ಟು, ನನ್ನ ಮೇಲೆ ಅದಕ್ಕಿಂತ ಸಿಟ್ಟು. ಒಂದು ಗಡ್ಡೆಯ ಕಾಳು ಎಷ್ಟು ದಿನಕ್ಕೆ ಎಷ್ಟಾಗುತ್ತದೆ ಎಂದು ಲೆಕ್ಕ ಹಾಕುತ್ತಾ ಕೂತೆ. ಆ ಅಳತೆ ಮಾತ್ರ ನನಗೆ ಗೊತ್ತಿರಲಿಲ್ಲ.

ಮೂವತ್ತೊಂಬತ್ತನೆಯ ದಿನ ಚೀಲ ಒಣಗಿತು. ನಲವತ್ತು, ನಲವತ್ತೊಂದು, ಖಾಲಿ. ಸ್ಕ್ಯಾನ್ ಮಾಡಿ, ಕೊಳವೆ ಎಳೆದು, ಮೇಡಂ ಒಂದು ಪಟ್ಟಿ ಅಂಟಿಸಿದರು. “ನಲವತ್ನಾಲ್ಕನೇ ದಿನ ಕೀಮೋ” ಎಂದರು. ಮೊದಲ ಮೂರು ಸಲ ನಾನು ಆ ಔಷಧವನ್ನು ಬಾಯಿಗೆ ಬಂದಂತೆ ಬೈದಿದ್ದೆ. ಈಗ ಅದು ಸಿಗುತ್ತದೆ ಎಂದು ಕೇಳಿ ಗಳಗಳನೆ ಅತ್ತುಬಿಟ್ಟೆ. ಕಣ್ಣೊರೆಸಿಕೊಂಡು, ಎಷ್ಟೋ ದಿನದಿಂದ ಕೇಳಬೇಕೆಂದಿದ್ದನ್ನು ಕೇಳಿದೆ.

“ನಾನು ಅವತ್ತು ಬಲ ಅಂದಿದ್ರೆ ಇಷ್ಟು ತಡ ಆಗ್ತಿರಲಿಲ್ಲ ಅಲ್ವಾ ಮೇಡಂ?”

“ಎರಡು ದಿನ ಮುಂಚೆ ಗೊತ್ತಾಗ್ತಿತ್ತು. ಸೋಂಕು ಕಮ್ಮಿ ಇರ್ತಿತ್ತೇನೋ. ಆದ್ರೆ ಸೋರಿದ್ದು ನಾನು ಕತ್ತರಿಸಿದ ಜಾಗದಿಂದ, ನಿಮ್ಮ ಬಾಯಿಂದ ಅಲ್ಲ. ಭುಜ ಮುಟ್ಟಿ ನೋಡದೆ ಬರೆದದ್ದು ನಮ್ಮವರು.”

“ಎಡ ಅಂದದ್ದು ನಾನು.”

“ಹೂಂ, ನೀವು.”

ತಪ್ಪನ್ನು ನನ್ನದು ನನ್ನದು ಎಂದು ನಾನು ಹೀಗೆ ಎಳೆದಾಡಿದ್ದು ಅದೇ ಮೊದಲು. ಅಂಗಡಿಯಲ್ಲಿ ಯಾವಾಗಲೂ ಗಿರಾಕಿಯದೇ ತಪ್ಪು.

“ಒಂಬತ್ತು ದಿನ ತಡ ಆಯ್ತಲ್ಲ, ಏನಾಗಿರತ್ತೆ?”

ಅವರು ಕೋಟಿನ ಉದ್ದ ತೋಳನ್ನು ಮೇಲಕ್ಕೆ ಮಡಚಿಕೊಂಡರು. “ಏನೂ ಆಗದೇ ಇರಬಹುದು. ಆಗಿರಲೂಬಹುದು. ನಂಗೆ ಗೊತ್ತಿಲ್ಲ,” ಎಂದರು.

ಕೀಮೋ ಕೋಣೆಯಲ್ಲಿ ಆರು ಒರಗು ಕುರ್ಚಿಗಳು. ಹಿಂದಿನ ಮೂರು ಸಲ ನಾನು ಆ ಕೋಣೆಯ ವಿದೂಷಕಿ. ಬೋಳುತಲೆಗಳಿಗೆಲ್ಲ ಟೋಪಿ ಅಳತೆ ತೆಗೆದುಕೊಂಡು, ವಾಂತಿಗೆ ಅಂಕ ಕೊಟ್ಟು, ಎಲ್ಲರನ್ನೂ ನಗಿಸಿದ್ದೆ. ಕಿಟಕಿ ಪಕ್ಕದ ಕುರ್ಚಿಯ ಟೀಚರಮ್ಮ ನನ್ನನ್ನು ಕಂಡು, “ಬಂದ್ರಾ, ಇನ್ನು ಹೊತ್ತು ಹೋಗತ್ತೆ” ಎಂದರು. ನಾನು ಕುರ್ಚಿಗೆ ಒರಗಿದೆ. ನರ್ಸು ಸೂಜಿ ಚುಚ್ಚಿ, ಔಷಧದ ಚೀಲವನ್ನು ಕಂಬಕ್ಕೆ ನೇತು ಹಾಕಿ ಹೋದರು. ಏನಾದರೂ ತಮಾಷೆ ಹುಟ್ಟಲಿ ಎಂದು ಕಾದೆ. ಹುಟ್ಟಲಿಲ್ಲ. ನಾದಿನಿ ಅಚ್ಚಿನ ಮನೆಗೆ ರಜೆ ಹಾಕಿ ಬಂದಿದ್ದಳು. ಮಡಿಲಲ್ಲಿ ಕರಡಿನ ಕಟ್ಟು ಇತ್ತು, ಅದನ್ನು ಬಿಚ್ಚಿರಲಿಲ್ಲ.

“ಏನಾದ್ರೂ ಅನ್ನಿ ಅತ್ತಿಗೆ,” ಎಂದಳು. “ನನ್ನನ್ನಾದ್ರೂ ಬೈರಿ. ನೀವು ಹೀಗೆ ಸುಮ್ನಿದ್ರೆ ಭಯ ಆಗತ್ತೆ.”

“ನಂಗೂ ಭಯ ಆಗ್ತಿದೆ ಕಣೆ,” ಎಂದೆ. “ಒಂಬತ್ತು ದಿನ ಅದು ಒಳಗೆ ಏನು ಮಾಡ್ತಿತ್ತೋ. ನಂಗೆ ಸಾಯೋಕೆ ಇಷ್ಟ ಇಲ್ಲ.”

ಅವಳು ಕರಡಿನ ಕಟ್ಟನ್ನು ನೆಲದ ಮೇಲಿಟ್ಟು, ತನ್ನ ಸ್ಟೂಲನ್ನು ನನ್ನ ಕುರ್ಚಿಗೆ ತಾಗುವಂತೆ ಎಳೆದುಕೊಂಡಳು.

“ನೀವು ಸಾಯೋದು ನಂಗೂ ಇಷ್ಟ ಇಲ್ಲ,” ಎಂದಳು.

ಆಮೇಲೆ ಇಬ್ಬರೂ ಔಷಧ ಹನಿಹನಿಯಾಗಿ ಇಳಿಯುವುದನ್ನು ನೋಡುತ್ತಾ ಕೂತೆವು.